ಬಾಯಿಗೆ ಮಣ್ಣು

ಆ ಮಾರ್ಚಿನಲ್ಲಿ ನ್ವಾರ್ದ್ ಮೂರು ಗುಂಡಿ ತೋಡಿದಳು,
ಒಂದೊಂದೂ ಆಳುದ್ದ.
ಅರ್ಪಾ ಹೊಳೆಯ ಮೇಲಣ ಇಳಿಜಾರು,
ನೆರಳಿದ್ದಲ್ಲೆಲ್ಲ ಹಿಮ ಇನ್ನೂ ಕಚ್ಚಿಕೊಂಡಿತ್ತು.
ಕುರಿ ಹೊಡೆದುಕೊಂಡು ಹೊರಟ ಹ್ಮಾಯಕ್ ನಿಂತು ಕೇಳಿದ:
‘ಒಂದು ನಿನಗೆ, ಒಂದು ನಿನ್ನಪ್ಪನಿಗೆ,
ಮೂರನೆಯದು ಯಾರಿಗಮ್ಮ?’

ಅವಳು ಗುಂಡಿಯೊಳಗೇ ಇದ್ದಳು, ಗೋಡೆಗೆ ಕೆನ್ನೆ ಆನಿಸಿ.
ಮೊದಲನೆಯದರಲ್ಲಿ ಸುಣ್ಣದ ಕಲ್ಲು, ಮುದುಕರ ಹಲ್ಲಿನ ಬಣ್ಣ.
ಎರಡನೆಯದರಲ್ಲಿ ಬೆಂಕಿಬೆಟ್ಟ ಎಂದೋ ಉಗುಳಿದ ಕರಿಪುಡಿ,
ಹಿಡಿದರೆ ಬೆರಳ ಸಂದಿಯಿಂದ ಸೋರುವುದು.
ಮೂರನೆಯದು ಬರೀ ಜೇಡಿ. ಜಗಳಗಂಟಿ.
ಕಚ್ಚಿದ ಸನಿಕೆಯನ್ನು ಬಿಡಲೊಲ್ಲದು.
ಒಂದೊಂದು ಚಿಟಿಕೆ ನಾಲಗೆಗಿಟ್ಟು
ನೋಟುಬುಕ್ಕಿನಲ್ಲಿ ಏನೋ ಗೀಚಿಕೊಂಡಳು.

ಪಾಳು ಕುರಿದೊಡ್ಡಿಯ ಗೋಡೆ ತಬ್ಬಿ ಒಂದು ಬಳ್ಳಿ ಉಳಿದಿತ್ತು,
ಅದರ ಹೆಸರು ಬಲ್ಲವರು ಉಳಿದಿರಲಿಲ್ಲ.
ಅದರದೇ ಕಡ್ಡಿ, ಮುನ್ನೂರು:
ನೂರು ಸುಣ್ಣಕ್ಕೆ, ನೂರು ಕರಿಗೆ, ನೂರು ಜೇಡಿಗೆ.
ತಾಯಿ ಒಬ್ಬಳೇ, ಬಿಸಿಲು ಒಂದೇ, ನೆಡುವ ಕೈ ಒಂದೇ.
ಬೇರೆ ಎನ್ನುವುದು ಏನಾದರೂ ಬಂದರೆ
ಅದು ಕಾಲಡಿಯಿಂದಲೇ ಬರಬೇಕು.

ಅಪ್ಪ ವಘಾರ್ಶ್
ಬ್ರಾಂದಿ ಕಾರ್ಖಾನೆಯ ತಕ್ಕಡಿಯ ಪಕ್ಕ ಇಪ್ಪತ್ತಾರು ಸುಗ್ಗಿ ಕೂತವನು.
ಲಾರಿ ಬಂದು ನಿಂತರೆ ರಸಕ್ಕೆ ಗಾಜಿನ ಕಡ್ಡಿ ಇಳಿಬಿಟ್ಟು
‘ಸಕ್ಕರೆ ಇಪ್ಪತ್ತೆರಡು. ಮುಂದಿನವನು!’ ಎಂದು ಕೂಗುವುದು,
ಅಷ್ಟೇ ಕೆಲಸ.
ಹನ್ನೊಂದು ಹಳ್ಳಿಯ ಹಣ್ಣು ಒಂದೇ ತೊಟ್ಟಿಗೆ.
ಊರ ಹೆಸರು ಲೆಡ್ಜರಿನಲ್ಲಿ ಮಾತ್ರ,
ಕರೆಂಟಿಲ್ಲದ ಆ ಚಳಿಗಾಲ ಲೆಡ್ಜರೂ ಒಲೆಗೆ ಹೋಯಿತು.
‘ಮಣ್ಣಿಗೆ ಮಾತು ಬಂದರೆ,’ ಅಂದ ಮಗಳಿಗೆ,
‘ಮೊದಲು ನನ್ನನ್ನೇ ಬೈಯುತ್ತದೆ, ನೋಡಿಕೋ.’

ನವೆಂಬರಿನಲ್ಲಿ ಅಲ್ಲಿ ಬಳ್ಳಿಗಳನ್ನು ಬಗ್ಗಿಸಿ
ನೆಲಕ್ಕೆ ಮಲಗಿಸಿ ಮೇಲೆ ಮಣ್ಣೆಳೆಯುತ್ತಾರೆ,
ಇಲ್ಲದಿದ್ದರೆ ಚಳಿ ಸೀಳಿಬಿಡುತ್ತದೆ.
ನನ್ನ ಭಾಷೆಯಲ್ಲಿ ಮಣ್ಣು ಮಾಡುವುದೆಂದರೆ
ಮರಳಿ ಬಾರದವರಿಗೆ.
ಅವರು ಏಪ್ರಿಲ್ಲಿಗೆ ಅಗೆದು ತೆಗೆಯುತ್ತಾರೆ,
ಜ್ವರದ ಮಗುವಿನ ಮುಖದಿಂದ ಹೊದಿಕೆ ಸರಿಸಿದ ಹಾಗೆ,
ಬೆರಳಲ್ಲಿ, ಸನಿಕೆಯಲ್ಲಲ್ಲ.
ಎರಡನೆಯ ಏಪ್ರಿಲ್ಲು. ಜೇಡಿಯ ಸಾಲಿನಲ್ಲಿ
ಮೂವತ್ತೆಂಟು ಏಳಲಿಲ್ಲ.

ನಾಲ್ಕನೆಯ ಸುಗ್ಗಿಗೆ ನಾನೂ ಬುಟ್ಟಿ ಹೊತ್ತೆ.
ಕುತ್ತಿಗೆವರೆಗೆ ಹೂತಿಟ್ಟ ಮೂರು ಹರವಿ, ಅವರ ಮಾತಲ್ಲಿ ಕರಾಸ್.
ಮುಚ್ಚಳ ತೆಗೆದದ್ದು ಫೆಬ್ರುವರಿಯಲ್ಲಿ,
ತೋಟಕ್ಕೆ ತೋಟವೇ ಇನ್ನೂ ಮಣ್ಣ ಕೆಳಗೆ ನಿದ್ದೆ ಹೋಗಿತ್ತು.

ವಘಾರ್ಶ್ ಸುಣ್ಣದ್ದನ್ನು ಕುಡಿದು
‘ಸೆಟೆದುಕೊಂಡಿದೆ, ನಿಮ್ಮಜ್ಜಿ,’ ಅಂದ.
ಕರಿಯದಕ್ಕೆ ಏನೂ ಅನ್ನಲಿಲ್ಲ, ಗಿಣ್ಣು ಮುರಿದು ತಿಂದ.
ಜೇಡಿಯದು ಮಬ್ಬು, ಒರಟು, ಒಸಡನ್ನು ಹಿಡಿದು ಜಗ್ಗುವುದು.
ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡು ನುಂಗಿ,
ಒಂದು ಊರಿನ ಹೆಸರು ಹೇಳಿದ.
ಹೊಳೆಯಾಚೆಯದು.
‘ಅವರ ಲಾರಿ ಯಾವಾಗಲೂ ಕತ್ತಲಾದ ಮೇಲೇ ಬರುತ್ತಿತ್ತು.
ಚಕ್ರದ ತುಂಬ ಇದೇ.
ಮಣ್ಣಿಗೆಂದು ಐದು ಕಿಲೋ ಕಳೆದು ಬರೆಯುತ್ತಿದ್ದೆ,
ಪ್ರತಿ ಸಲ.’
ಮತ್ತೆ ಲೋಟ ಚಾಚಿದ.

ಹ್ಮಾಯಕ್ ಮಾತ್ರ ಮೂರನ್ನೂ ಕುಡಿದು
ಹಿಮದ ಮೇಲೆ ಕೆಂಪಗೆ ಉಗಿದ:
‘ಥೂ, ಮಣ್ಣು ತಿಂದ ಹಾಗಿದೆ!’
ನಮ್ಮಲ್ಲಾದರೆ ಇದು ಶಾಪ,
ನಿನ್ನ ಬಾಯಿಗೆ ಮಣ್ಣಾಕ ಅಂತ
ಹೊಟ್ಟೆ ಉರಿದವರು ಹಾಕುವಂಥದು.
ಅವಳು ತಾರೀಖು ಹಾಕಿ, ಅವನ ಹೆಸರು ಬರೆದು,
ಆ ಮಾತನ್ನು ಇದ್ದ ಹಾಗೇ ಇಳಿಸಿಕೊಂಡಳು.

ಆಮೇಲೆ ಕತ್ತರಿ ಹುಡುಕುತ್ತ ಕುರಿದೊಡ್ಡಿಯ ಕಡೆ ನಡೆದಳು.
ಮೂವತ್ತೆಂಟು ಕಡ್ಡಿ ಬೇಕಿತ್ತು.